ಶೆಡ್‌ನವರನ್ನು ‘ಬಾಂಗ್ಲಾದವರು’ ಅಂತ ಓಡಿಸುತ್ತಿದ್ದಾರೆ, ಪಕ್ಕದಲ್ಲೇ ಇರುವ ನಾವು ಏನು ಮಾಡಬಹುದು?

ಕೆರೆ ಏರಿ:

ನಾನು ವರ್ತೂರು ಕಡೆ ಇದ್ದೇನೆ. ನಮ್ಮ ಅಪಾರ್ಟ್‌ಮೆಂಟ್ ಹಿಂದಿನ ಖಾಲಿ ಜಾಗದಲ್ಲಿ ನೀಲಿ ಟಾರ್ಪಲ್ ಶೆಡ್‌ಗಳಿವೆ. ಕಸ ವಿಂಗಡಿಸುವವರು, ಗಾರೆ ಕೆಲಸದವರು, ನಮ್ಮ ಮನೆಗಳಿಗೇ ಬಂದು ಪಾತ್ರೆ ತಿಕ್ಕುವವರು ಅಲ್ಲಿದ್ದಾರೆ. ಜಾಗದ ಮಾಲೀಕರು ಇಲ್ಲಿನವರೇ. ಶೆಡ್‌ಗೆ ಇಷ್ಟು ಅಂತ ತಿಂಗಳು ತಿಂಗಳು ಬಾಡಿಗೆ ಎತ್ತುತ್ತಾರೆ.

ಈಚೆಗೆ ಯಾರೋ ಅಸೋಸಿಯೇಷನ್ ಗ್ರೂಪಿಗೆ ಒಂದು ವಿಡಿಯೊ ಹಾಕಿದರು. ‘ನಮ್ಮ ಹಿತ್ತಲಲ್ಲೇ ಬಾಂಗ್ಲಾದೇಶ’ ಅಂತ ಮೇಲೆ ಬರೆದಿತ್ತು. ಒಳಗೆ ನೋಡಿದರೆ ಒಬ್ಬ ಹೆಂಗಸು ನಲ್ಲಿ ಹತ್ತಿರ ಬಟ್ಟೆ ಒಗೆಯುತ್ತಿದ್ದಾಳೆ, ಅಷ್ಟೇ. ಆವತ್ತಿನಿಂದ ಗೇಟಿನಲ್ಲಿ ಎಲ್ಲರ ಆಧಾರ್ ಕೇಳಬೇಕು, ಬಂಗಾಳಿ ಮಾತಾಡುವವರನ್ನು ಕೆಲಸದಿಂದ ತೆಗೆಯಬೇಕು ಅಂತ ಒಂದೇ ಗಲಾಟೆ. ನಮ್ಮ ಮನೆಗೆ ಬರುವಾಕೆ ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯವರು. ಈಗ ಬರುವುದನ್ನೇ ನಿಲ್ಲಿಸಿದ್ದಾರೆ. ಫೋನ್ ಮಾಡಿದರೆ ‘ದೀದಿ, ಪೊಲೀಸ್ ಆಯೇಗಾ ಕ್ಯಾ?’ ಅಂತಾರೆ.

ದಯವಿಟ್ಟು ‘ಪಾಪ’ ಅಂತ ಮಾತ್ರ ಬರೆಯಬೇಡಿ. ‘ದೇಶ ಮೊದಲು’ ಅಂತ ಭಾಷಣವೂ ಬೇಡ. ಸಂಘಟನೆ, ಪಕ್ಷ ಏನೂ ಇಲ್ಲದ ನನ್ನಂಥವರು ನಿಜವಾಗಿ ಏನು ಮಾಡಬಹುದು, ಅದು ಬೇಕು.

ಮೆಯೋಹಾಲ್ ಮೆಟ್ಟಿಲು:

ವಕೀಲನಾಗಿ ಹೇಳುತ್ತೇನೆ ಮೇಡಂ, ಸ್ವಲ್ಪ ಉದ್ದ ಆಗುತ್ತದೆ.

ಪೊಲೀಸರು ಬಂದು ದಾಖಲೆ ಕೇಳಬಹುದು, ಪರಿಶೀಲನೆ ಮಾಡಬಹುದು. ಅದು ತಪ್ಪಲ್ಲ. ಆದರೆ ಬಂಧನ ಅಂತಾದರೆ ನಿಯಮಗಳಿವೆ. ಸಂವಿಧಾನದ 21 ಮತ್ತು 22ನೇ ವಿಧಿಗಳು ‘ಪ್ರಜೆ’ ಅನ್ನುವುದಿಲ್ಲ, ‘ವ್ಯಕ್ತಿ’ ಅನ್ನುತ್ತವೆ. ಅಂದರೆ ಆತ ನದಿಯಾದವನಾದರೂ ಸರಿ, ಢಾಕಾದವನಾದರೂ ಸರಿ. ಯಾಕೆ ಬಂಧಿಸಿದ್ದೀವಿ ಅಂತ ಹೇಳಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ವಕೀಲರನ್ನು ನೋಡಲು ಬಿಡಬೇಕು. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಹೇಳಿದೆ. ಪ್ರಜೆಯಾಗಲಿ, ಅಲ್ಲದಿರಲಿ, ಪ್ರತಿ ಮನುಷ್ಯನ ಜೀವ ಕಾಪಾಡುವುದು ಸರ್ಕಾರದ ಹೊಣೆ.

ಈಗ ನಿಮ್ಮಂಥವರಿಗೆ ಸಂಬಂಧಪಟ್ಟ ವಿಷಯ. ಬಂಧನ ಮಾಡುವಾಗ ಅರೆಸ್ಟ್ ಮೆಮೊ ಬರೆಯಬೇಕು. ಅದಕ್ಕೆ ಕುಟುಂಬದವರು ಇಲ್ಲವೇ ಆ ಏರಿಯಾದ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು. ಸಿಆರ್‌ಪಿಸಿ ಬದಲು ಬಂದಿರುವ ಹೊಸ ಬಿಎನ್‌ಎಸ್‌ಎಸ್ ಕಾನೂನಿನ 36ನೇ ಸೆಕ್ಷನ್‌ನಲ್ಲೂ ಇದೆ, ಅದಕ್ಕೂ ಮೊದಲು ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪಿನಿಂದಲೂ ಇದೆ. ಆ ಗೌರವಸ್ಥರು ಯಾರು? ನೀವೇ. ಬಂಧನವಾದವರು ಯಾರ ಹೆಸರು ಹೇಳುತ್ತಾರೋ ಅವರಿಗೆ ಸುದ್ದಿ ಮುಟ್ಟಿಸಬೇಕು ಅಂತಲೂ ಇದೆ. ಸಂಬಂಧಿಕರೇ ಆಗಬೇಕಿಲ್ಲ, ಸ್ನೇಹಿತರೂ ಆಗಬಹುದು. ಆದ್ದರಿಂದ ನಿಮ್ಮ ಹೆಸರು, ನಂಬರ್ ಆಕೆಯ ಹತ್ತಿರ ಚೀಟಿಯಲ್ಲಿ ಇರಲಿ. ಫೋನ್ ಮೊದಲು ಕಿತ್ತುಕೊಳ್ಳುತ್ತಾರೆ, ಚೀಟಿ ಉಳಿಯುತ್ತದೆ.

ಇನ್ನೊಂದು. ಸಾಕ್ಷಿಯಾಗಿ ವಿಚಾರಣೆಗೆ ಅಂತ ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲ, ಅವರಿರುವ ಕಡೆಯೇ ಬಂದು ಕೇಳಬೇಕು. 15 ವರ್ಷದೊಳಗಿನ ಹುಡುಗರಿಗೂ 60 ದಾಟಿದವರಿಗೂ ಇದೇ ನಿಯಮ. ಅದು ಅದೇ ಕಾನೂನಿನ 179ನೇ ಸೆಕ್ಷನ್. ಉಚಿತ ವಕೀಲರಿಗೆ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟಿದ್ದರೂ ಸಿಗುತ್ತದೆ.

ಬ್ಯಾಂಕ್_ಕಾಲೊನಿ_ಶಿವಣ್ಣ:

ಒಳ್ಳೆಯದು. ಹಾಗಾದರೆ ನಿಜವಾದ ಬಾಂಗ್ಲಾದೇಶಿಗಳನ್ನೂ ನೀವೇ ಕೂರಿಸಿ ಊಟ ಹಾಕಿ. ಗಡಿ ದಾಟಿ ಬಂದವರು ಇಲ್ಲವೇ ಇಲ್ಲ ಅಂತೀರಾ? ದುಡ್ಡು ಕೊಟ್ಟರೆ ಆಧಾರ್ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅತ್ತ ನಮ್ಮ ಹುಡುಗರಿಗೆ ಕೆಲಸ ಇಲ್ಲ.

ಮೆಯೋಹಾಲ್ ಮೆಟ್ಟಿಲು:

ಇದ್ದಾರೆ ಸರ್. ಇಲ್ಲ ಅಂತ ನಾನು ಹೇಳಿಲ್ಲ. ಅದಕ್ಕೆ ಕಾನೂನೂ ಇದೆ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಅದರ ಪ್ರಕಾರ ವಿಚಾರಣೆ ಆಗಲಿ. ನನ್ನ ತಕರಾರು ಇರುವುದು ಭಾಷೆ ಕೇಳಿ ದೇಶ ತೀರ್ಮಾನ ಮಾಡುವುದರ ಬಗ್ಗೆ. ಬಂಗಾಳಿ ಮಾತಾಡುವವರು ಪಶ್ಚಿಮ ಬಂಗಾಳ, ತ್ರಿಪುರ, ಅಸ್ಸಾಂ ಎಲ್ಲ ಕಡೆ ಇದ್ದಾರೆ. ನದಿಯಾ ಜಿಲ್ಲೆಯ ಮಾತು ಗಡಿ ಆಚೆಯ ಮಾತಿನ ಹಾಗೇ ಇರುತ್ತದೆ. ಬೆಂಗಳೂರು ಪೊಲೀಸರಿಗೆ ಆ ವ್ಯತ್ಯಾಸ ಹೇಗೆ ತಿಳಿಯಬೇಕು?

2022ರಲ್ಲಿ ಇದೇ ಬೆಂಗಳೂರಿನಲ್ಲಿ ಪಶ್ಚಿಮ ಬಂಗಾಳದ ಬರ್ಧಮಾನ ಕಡೆಯ ಒಂದು ದಂಪತಿಯನ್ನು ಬಾಂಗ್ಲಾದವರು ಅಂತ ಹಿಡಿದರು. ಪುಟ್ಟ ಮಗುವಿನ ಜೊತೆ ಹತ್ತಿರ ಹತ್ತಿರ ಹತ್ತು ತಿಂಗಳು ಜೈಲಿನಲ್ಲಿದ್ದರು. ಊರಲ್ಲಿ ಮನೆ, ದಾಖಲೆ ಎಲ್ಲ ಇತ್ತು. ವಿದೇಶಿ ಅಲ್ಲ ಅಂತ ಸಾಬೀತು ಮಾಡುವ ಹೊಣೆ ಈ ಕಾನೂನಿನಲ್ಲಿ ಆರೋಪಿಯದೇ. ಜೈಲಲ್ಲಿ ಕೂತವನು ಊರಿಂದ ಕಾಗದ ಹೇಗೆ ತರಿಸುತ್ತಾನೆ? ಅದಕ್ಕೇ ಹೊರಗೆ ಯಾರಾದರೂ ಬೇಕು.

ಗುರುಮಠಕಲ್ ಹುಡುಗ:

ಶಿವಣ್ಣ ಸರ್, ‘ನಮ್ಮ ಹುಡುಗರು’ ಅಂದಿರಲ್ಲ, ನಾನು ಅವರಲ್ಲೇ ಒಬ್ಬ. ಯಾದಗಿರಿ ಜಿಲ್ಲೆ. ಮಳೆ ಕೈಕೊಟ್ಟರೆ ನಮ್ಮ ಕಡೆ ಇಡೀ ಓಣಿ ಗುಳೆ ಹೋಗುತ್ತದೆ. ನಮ್ಮ ಚಿಕ್ಕಪ್ಪ ಬೆಂಗಳೂರಿನ ಶೆಡ್‌ನಲ್ಲೇ ಇದ್ದು ಅರ್ಧ ಆಯಸ್ಸು ಕಳೆದರು.

2020ರ ಜನವರಿ ನೆನಪಿದೆಯಾ? ಬೆಳ್ಳಂದೂರು ಹತ್ತಿರ ಕರಿಯಮ್ಮನ ಅಗ್ರಹಾರ. ಶಾಸಕರೊಬ್ಬರು ವಿಡಿಯೊ ಹಾಕಿದರು, ಚಾನೆಲ್‌ನವರು ‘ಅಕ್ರಮ ಬಾಂಗ್ಲಾ ವಲಸಿಗರು’ ಅಂತ ಕೂಗಿದರು, ಜೆಸಿಬಿ ಬಂತು. ನೂರಾರು ಶೆಡ್ ನೆಲಸಮ. ಆಮೇಲೆ ನೋಡಿದರೆ ಅಲ್ಲಿ ಅಸ್ಸಾಂ, ತ್ರಿಪುರ, ಬಿಹಾರದವರ ಜೊತೆ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡದಲ್ಲೇ ಅತ್ತರು ಸರ್. ಆಧಾರ್, ವೋಟರ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡು ಕ್ಯಾಮೆರಾಗೆ ತೋರಿಸಿದರು. ಜೆಸಿಬಿ ಕಾಗದ ಓದುವುದಿಲ್ಲ.

ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನವರು ಹೈಕೋರ್ಟಿಗೆ ಹೋದರು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತಡೆ ಕೊಟ್ಟಿತು, ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ಒಲೆ, ಪಾತ್ರೆ, ಮಕ್ಕಳ ಪುಸ್ತಕ ಎಲ್ಲ ಮಣ್ಣಲ್ಲಿ ಹೋಗಿತ್ತು.

ಕೆರೆ ಏರಿ ಅಕ್ಕಾ, ನೀವು ಮಾಡಬಹುದಾದ ಒಂದು ಕೆಲಸ ಇದೆ. ನೋಟಿಸ್ ಬಂದರೆ ಓದಿ ಹೇಳಿ. ಶೆಡ್‌ಗೆ ಬರುವ ನೋಟಿಸ್ ಬಹಳ ಸಲ ಜಾಗದ ಮಾಲೀಕನ ಹೆಸರಿಗೆ ಇರುತ್ತದೆ, ಅವನು ಕಿಸೆಯಲ್ಲಿ ಇಟ್ಟುಕೊಂಡು ಸುಮ್ನೆ ಇರುತ್ತಾನೆ. ಇರುವವರಿಗೆ ಗೊತ್ತಾಗುವುದು ಜೆಸಿಬಿ ಸದ್ದು ಕೇಳಿದಾಗಲೇ.

ಕಾಗುಣಿತ ಟೀಚರ್:

ನಾನು ವೈಟ್‌ಫೀಲ್ಡ್ ಕಡೆಯ ಸರ್ಕಾರಿ ಶಾಲೆಯಲ್ಲಿ ಇದ್ದೇನೆ. ಪೊಲೀಸ್, ಕೋರ್ಟು ದೊಡ್ಡ ಮಾತಾಯಿತು. ನಾನು ಮಕ್ಕಳ ವಿಷಯ ಹೇಳುತ್ತೇನೆ.

ಶೆಡ್‌ಗಳಲ್ಲಿ ಶಾಲೆಗೆ ಹೋಗದ ಮಕ್ಕಳು ಇದ್ದೇ ಇರುತ್ತಾರೆ. ಕೇಳಿದರೆ ‘ಟಿಸಿ ಇಲ್ಲ, ಬರ್ತ್ ಸರ್ಟಿಫಿಕೇಟ್ ಇಲ್ಲ’ ಅಂತಾರೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅದು ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಸೇರಿಸಬೇಕು. ಟಿಸಿ ತಡವಾಯಿತು ಅಂತಲೂ ನಿಲ್ಲಿಸುವಂತಿಲ್ಲ. ವರ್ಷದ ಮಧ್ಯದಲ್ಲೂ ಸೇರಿಸಬಹುದು. ಆದರೆ ಅಪ್ಪ ಅಮ್ಮ ಒಬ್ಬರೇ ಬಂದರೆ ಗೇಟಿನಿಂದಲೇ ವಾಪಸ್ ಕಳಿಸುವ ಶಾಲೆಗಳಿವೆ, ನಾನೇ ಒಪ್ಪಿಕೊಳ್ಳುತ್ತೇನೆ. ಜೊತೆಗೆ ಕನ್ನಡ ಮಾತಾಡುವ ಒಬ್ಬರು ಬಂದು ‘ಮೇಡಂ, ಅರ್ಜಿ ಎಲ್ಲಿ ಕೊಡಬೇಕು?’ ಅಂದರೆ ಸಾಕು, ಕುರ್ಚಿ ಸಿಗುತ್ತದೆ.

ಆರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿ. ಬಸುರಿ, ಬಾಣಂತಿಯರಿಗೆ 2017ರಿಂದ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟ ಇದೆ. ತಾಯಿ ಕಾರ್ಡ್ ಮಾಡಿಸಲು ಆಶಾ ಕಾರ್ಯಕರ್ತೆಗೆ ಶೆಡ್‌ನ ದಾರಿ ತೋರಿಸಿ.

ಪಶ್ಚಿಮ ಬಂಗಾಳದ ಮಾಲ್ದಾದ ಒಬ್ಬಳು ಹುಡುಗಿ ನನ್ನ ಕ್ಲಾಸಲ್ಲಿ ಇದ್ದಾಳೆ. ಬಂದ ಹೊಸದರಲ್ಲಿ ಬಾಯೇ ಬಿಡುತ್ತಿರಲಿಲ್ಲ. ಈಗ ಅಮ್ಮನ ಜೊತೆ ರೇಷನ್ ಅಂಗಡಿಗೆ ಹೋಗಿ ‘ಅಂಕಲ್, ಥಂಬ್ ತಗೊಳ್ತಿಲ್ಲ, ಇನ್ನೊಂದ್ಸಲ ನೋಡಿ’ ಅಂತ ಅವಳೇ ಜಗಳ ಆಡುತ್ತಾಳೆ. ಬೇರೆ ರಾಜ್ಯದ ರೇಷನ್ ಕಾರ್ಡ್ ಇಲ್ಲೂ ನಡೆಯುತ್ತದೆ ಅಂತ ಅವಳಮ್ಮನಿಗೆ ಗೊತ್ತೇ ಇರಲಿಲ್ಲ.

ಎಡಿಸನ್_ಇಂದ_ಹಾಸನ್‌ಗೆ:

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಾವೇ ವಲಸಿಗರು, ಹಾಗಾಗಿ ವಿಷಯ ತಲೆಕೆಳಗು. 2025ರಿಂದ ಐಸ್‌ನವರ (ಅಕ್ರಮ ವಲಸಿಗರನ್ನು ಹಿಡಿಯುವ ಇಲ್ಲಿನ ಸರ್ಕಾರಿ ಇಲಾಖೆ) ದಾಳಿ ಜಾಸ್ತಿ ಆದ ಮೇಲೆ ನಮ್ಮ ಬೀದಿಯಲ್ಲೂ ಜನ ಕೆಲವು ವಿಷಯ ಕಲಿತಿದ್ದಾರೆ.

ಬಾಗಿಲು ಬಡಿದರೆ ತೆಗೆಯಬೇಕಿಲ್ಲ. ಜಡ್ಜ್ ಸಹಿ ಹಾಕಿದ ವಾರಂಟ್ ಬೇರೆ, ಇಲಾಖೆಯವರೇ ಸಹಿ ಹಾಕಿಕೊಂಡ ಕಾಗದ ಬೇರೆ. ಎರಡನೆಯದನ್ನು ಹಿಡಿದುಕೊಂಡು ಮನೆಯೊಳಗೆ ನುಗ್ಗುವಂತಿಲ್ಲ ಅನ್ನುವುದು ವಕೀಲರು ಹೇಳಿಕೊಡುವ ಮೊದಲ ಪಾಠ. ಇಮಿಗ್ರಂಟ್ ಲೀಗಲ್ ರಿಸೋರ್ಸ್ ಸೆಂಟರ್‌ನವರು ಮಾಡಿದ ಕೆಂಪು ಕಾರ್ಡ್ ಇದೆ. ಮಾತು ಬಾರದವರು ಅದನ್ನು ಬಾಗಿಲ ಸಂದಿಯಿಂದ ತಳ್ಳಿದರೆ ಆಯಿತು, ‘ನಾನು ಮಾತಾಡುವುದಿಲ್ಲ, ಒಳಗೆ ಬರಲು ನನ್ನ ಒಪ್ಪಿಗೆ ಇಲ್ಲ’ ಅಂತ ಅದರಲ್ಲೇ ಇರುತ್ತದೆ. ಚರ್ಚ್‌ನ ಅಜ್ಜಿಯರು ಇಮಿಗ್ರೇಷನ್ ಕೋರ್ಟಿಗೆ ಹೋಗಿ ಸುಮ್ಮನೆ ಹಿಂದಿನ ಬೆಂಚಲ್ಲಿ ಕೂರುತ್ತಾರೆ. ಬಂದವನ ಹೆಸರು, ಮನೆಯವರ ನಂಬರ್ ಬರೆದುಕೊಳ್ಳುತ್ತಾರೆ. ಅವನನ್ನು ಅಲ್ಲಿಂದಲೇ ಎತ್ತಿಕೊಂಡು ಹೋದರೆ ಮನೆಗೆ ಸುದ್ದಿ ಮುಟ್ಟುವುದು ಅವರಿಂದಲೇ.

ನಮ್ಮ ಕನ್ನಡದವರಿಗೆ ಒಂದು ಎಚ್ಚರಿಕೆ. ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರು ಮುಂದೆ ನಿಂತು ವಿಡಿಯೊ ಮಾಡಲು ಹೋಗಬೇಡಿ. ಆ ಕೆಲಸ ಸಿಟಿಜನ್ ಆದವರು ಮಾಡಲಿ. ನೀವು ಪಕ್ಕದ ಮನೆಯ ಮಗುವನ್ನು ಸ್ಕೂಲಿಂದ ಕರೆತನ್ನಿ, ಅಡುಗೆ ಮಾಡಿ ಕಳಿಸಿ. ಹದಿನೆಂಟು ದಾಟಿದವರು ತಮ್ಮ ಗ್ರೀನ್ ಕಾರ್ಡ್ ಅಥವಾ ಐ-94 ಪ್ರವೇಶ ದಾಖಲೆ ಜೊತೆಯಲ್ಲೇ ಇಟ್ಟುಕೊಳ್ಳಿ, ಅದು ಕಾನೂನು.

ನಮ್ಮ ಸಂಘದ ಯುಗಾದಿ ಊಟದಲ್ಲಿ ಈ ಮಾತು ತೆಗೆದರೆ ‘ನಾವು ಲೀಗಲ್ ಆಗಿ ಬಂದವರು, ನಮಗ್ಯಾಕೆ’ ಅಂತ ಎದ್ದು ಹೋಗುವವರೂ ಇದ್ದಾರೆ. ಇರಲಿ.

ಬ್ಯಾಂಕ್_ಕಾಲೊನಿ_ಶಿವಣ್ಣ:

ಅಮೆರಿಕದ ಕಥೆ ಇಲ್ಲಿ ಯಾಕೆ?

ಗುರುಮಠಕಲ್ ಹುಡುಗ:

ಯಾಕೆಂದರೆ ನಿಮ್ಮ ತಂಗಿ ಮಗ ಅಲ್ಲಿದ್ದಾನೆ ಅಂತ ಹೋದ ತಿಂಗಳು ನೀವೇ ಬರೆದಿದ್ದಿರಿ ಸರ್ 🙂

ನೀಲಸಂದ್ರ ಓನರ್:

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಮಣಿಪುರ, ಅಸ್ಸಾಂ ಹುಡುಗರು ಬಾಡಿಗೆಗೆ ಇದ್ದಾರೆ, ಮುಂಚಿನಿಂದಲೂ. 2012ರ ಆಗಸ್ಟ್‌ನಲ್ಲಿ ‘ರಂಜಾನ್ ಮುಗಿದ ಮೇಲೆ ಈಶಾನ್ಯ ರಾಜ್ಯದವರಿಗೆ ಹೊಡೆಯುತ್ತಾರೆ’ ಅಂತ ಮೆಸೇಜ್ ಹರಿದಾಡಿತಲ್ಲ, ಆಗ ಸಿಟಿ ರೈಲ್ವೆ ಸ್ಟೇಷನ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗುವಾಹಟಿಗೆ ಸ್ಪೆಷಲ್ ರೈಲು ಬಿಟ್ಟರು. ಮೆಸೇಜ್ ಒಂದು ಸಲಕ್ಕೆ ಐದು ಜನಕ್ಕೆ ಮಾತ್ರ ಅಂತ ಕೇಂದ್ರ ಸರ್ಕಾರವೇ ಮಿತಿ ಹಾಕಿತು. ಅಷ್ಟು ದೊಡ್ಡ ಸುದ್ದಿ ಪೂರ್ತಿ ಗಾಳಿಮಾತು.

ನಾನು ಮಾಡಿದ್ದು ಇಷ್ಟೇ. ಮೇಲೆ ಹೋಗಿ ಅವರ ಜೊತೆ ಚಹಾ ಕುಡಿದೆ. ಏರಿಯಾದ ಮಸೀದಿ ಕಮಿಟಿಯವರನ್ನೂ ಕರೆದುಕೊಂಡು ಹೋಗಿದ್ದೆ. ಇಬ್ಬರು ಉಳಿದರು, ಒಬ್ಬ ಹೋದ. ಹೋದವನ ಅಡ್ವಾನ್ಸ್ ಹಿಡಿದುಕೊಳ್ಳಲಿಲ್ಲ, ಸಾಮಾನು ಕೋಣೆಯಲ್ಲೇ ಬಿಟ್ಟು ಬೀಗ ಹಾಕಿದೆ. ಓನರ್‌ಗಳಿಗೆ ನನ್ನ ಮಾತು: ಕರಾರು ಪತ್ರ ಬರೆದು ಕೊಡಿ. ಬಾಯಿಮಾತಿನ ಬಾಡಿಗೆ ನಮಗೆ ಸಲೀಸು, ಆದರೆ ಅವರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ಮಸ್ಟರ್ ರೋಲ್:

ಕಟ್ಟಡ ಕಾರ್ಮಿಕರ ಜೊತೆ ಕೆಲಸ ಮಾಡುತ್ತೇನೆ. ಎಲ್ಲರೂ ಪೊಲೀಸ್ ಅಂತಿದ್ದೀರಿ. ವಲಸೆ ಬಂದವರಿಗೆ ದಿನಾ ಆಗುವ ಮೋಸ ಕೂಲಿಯದು. ಮೇಸ್ತ್ರಿ ‘ಲೆಕ್ಕ ಕೊನೆಗೆ’ ಅಂತಾನೆ. ಕೊನೆ ಬರುವಷ್ಟರಲ್ಲಿ ನಂಬರ್ ಸ್ವಿಚ್ ಆಫ್. ಶಿವಣ್ಣ ಅವರ ಪ್ರಶ್ನೆಗೂ ಇದೇ ಉತ್ತರ. ಹೊರಗಿನವರಿಗೆ ಕಡಿಮೆ ಕೂಲಿ ಕೊಟ್ಟು ದಕ್ಕಿಸಿಕೊಳ್ಳಲು ಆಗುತ್ತದೆ ಅನ್ನುವುದಕ್ಕೇ ಇಲ್ಲಿನವರಿಗೆ ಕೆಲಸ ಸಿಗುವುದಿಲ್ಲ. ಅವರಿಗೆ ಸರಿಯಾದ ಕೂಲಿ ಕೊಡಿಸಿ, ಆಗ ಕಂಟ್ರಾಕ್ಟರ್‌ಗೆ ಕನ್ನಡದ ಹುಡುಗನೂ ಒಂದೇ, ಬಿಹಾರದವನೂ ಒಂದೇ.

2020ರ ಮೇ ತಿಂಗಳ ಕೊರೊನಾ ಲಾಕ್‌ಡೌನ್ ಮರೆಯಬೇಡಿ. ಬಿಲ್ಡರ್‌ಗಳ ಜೊತೆ ಸಭೆ ಆಯಿತು, ಊರಿಗೆ ಹೋಗುವ ಶ್ರಮಿಕ ರೈಲುಗಳನ್ನೇ ನಮ್ಮ ಸರ್ಕಾರ ರದ್ದು ಮಾಡಿತು. ದೇಶ ಪೂರ್ತಿ ಬೈದ ಮೇಲೆ ಮತ್ತೆ ಬಿಟ್ಟರು. ಬೇಡ ಅಂದಾಗ ‘ಹೊರಗಿನವರು’, ಬೇಕಾದಾಗ ಊರಿಗೂ ಹೋಗಲು ಬಿಡುವುದಿಲ್ಲ.

ಕೂಲಿ ವಿಷಯದಲ್ಲಿ ಅಕ್ಕಪಕ್ಕದವರು ಮಾಡಬಹುದಾದ್ದು ತುಂಬಾ ಇದೆ. ಒಂದು ಚಿಕ್ಕ ನೋಟ್‌ಬುಕ್ ಕೊಟ್ಟು ಹಾಜರಿ ಬರೆಯಲು ಹೇಳಿ. ಸೈಟ್ ಮುಂದಿನ ಬೋರ್ಡ್ ಫೋಟೊ ತೆಗೆದಿಟ್ಟುಕೊಳ್ಳಲಿ, ಬಿಲ್ಡರ್ ಹೆಸರು ಅದರಲ್ಲಿ ಇರುತ್ತದೆ. ಮೇಸ್ತ್ರಿ ಓಡಿಹೋದರೂ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕ ಕೂಲಿ ಕೊಡಬೇಕು. ಆಮೇಲೆ ಕಾರ್ಮಿಕ ಇಲಾಖೆಗೆ ಅರ್ಜಿ. ಈ ಅರ್ಜಿ ಇದೆಯಲ್ಲ, ಇಲ್ಲೇ ಎಲ್ಲ ನಿಲ್ಲುವುದು. ಒಡಿಶಾದವನು ಕನ್ನಡದಲ್ಲಿ ‘ಇವರಿಗೆ, ಇವರಿಂದ, ಮಾನ್ಯರೇ, ವಿಷಯ’ ಅಂತ ಹೇಗೆ ಬರೆಯುತ್ತಾನೆ? ನೀವು ಬರೆದುಕೊಡಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ದಿನಕ್ಕೆ ಎಷ್ಟು ಒಪ್ಪಿದ್ದು, ಎಷ್ಟು ಕೊಟ್ಟಿದ್ದು, ಬಾಕಿ ಎಷ್ಟು. ಅಷ್ಟೇ ಇರಲಿ, ಗೋಳು ಬೇಡ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಮನೆಗೆಲಸದವರಿಗೂ ಕರ್ನಾಟಕದಲ್ಲಿ 2004ರಿಂದ ಕನಿಷ್ಠ ವೇತನ ನಿಗದಿ ಇದೆ. ಎಷ್ಟು ಅಪಾರ್ಟ್‌ಮೆಂಟಿನವರಿಗೆ ಗೊತ್ತಿದೆ?

ಟವರ್ ಬಿ ಕಾರ್ಯದರ್ಶಿ:

ನಮ್ಮಲ್ಲೂ ಇದೇ ಗಲಾಟೆ ಆಗಿತ್ತು. ನಾನು ಕಮಿಟಿಯಲ್ಲಿ ಇದ್ದೇನೆ. ಸಭೆಯಲ್ಲಿ ದೇಶ, ಧರ್ಮ ಅಂತ ವಾದ ಮಾಡಲು ಹೋದರೆ ಸೋಲುತ್ತೀರಿ. ಬೇರೆ ದಾರಿ ಹಿಡಿಯಿರಿ. ‘ಭಾಷೆ ನೋಡಿ ಕೆಲಸದಿಂದ ತೆಗೆಯಿರಿ ಅಂತ ನಿರ್ಣಯ ಬರೆದರೆ ಅದರ ಕೆಳಗೆ ಸಹಿ ಯಾರದು?’ ಅಂತ ಕೇಳಿ. ನಮ್ಮಲ್ಲಿ ಪೆನ್ನು ಯಾರೂ ಮುಟ್ಟಲಿಲ್ಲ.

ಇನ್ನೊಂದು, ಸೆಕ್ಯುರಿಟಿ ಕ್ಯಾಬಿನ್. ಹೋಗಿ ನೋಡಿ. ಕೆಲಸದವರ ಆಧಾರ್ ಜೆರಾಕ್ಸ್‌ಗಳು ತಂತಿಗೆ ಚುಚ್ಚಿ ನೇತಾಡುತ್ತಿರುತ್ತವೆ, ಇಲ್ಲ ಅಂದರೆ ಬಜ್ಜಿ ಕಟ್ಟಲು ಹೋಗಿರುತ್ತವೆ. ಫೋಟೊ, ನಂಬರ್ ಎಲ್ಲ ಯಾರ ಕೈಗೆ ಬೇಕಾದರೂ ಸಿಗುತ್ತದೆ. ನಾವು ಅದನ್ನೆಲ್ಲ ಬೀರುವಿನಲ್ಲಿ ಬೀಗ ಹಾಕಿ ಇಡಿಸಿದೆವು. ಗ್ರೂಪಿನಲ್ಲಿ ಯಾರ ದಾಖಲೆ, ವಿಡಿಯೊ ಹಾಕಿದರೂ ಅಡ್ಮಿನ್ ತೆಗೆಯಬೇಕು ಅಂತ ನಿಯಮ ಮಾಡಿದೆವು. ಪೊಲೀಸ್ ವೆರಿಫಿಕೇಷನ್ ಮಾಡಿಸುತ್ತೇವೆ, ಆದರೆ ಬಿಹಾರಿ, ಬಂಗಾಳಿ, ಕೋಲಾರದವರು ಎಲ್ಲರಿಗೂ ಒಂದೇ ಫಾರಂ.

ಕೆರೆ ಏರಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಶೆಡ್‌ಗೆ ಹೋಗಿ ಆಕೆಯನ್ನು ನೋಡಿ ಬಂದೆ. ದಾಖಲೆಗಳನ್ನು ಒಂದು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು, ಅದನ್ನು ಅಕ್ಕಿ ಡಬ್ಬದೊಳಗೆ ಹೂತಿದ್ದಾರೆ. ಆಧಾರ್, ಪ್ಯಾನ್, ಊರಿನ ಪಂಚಾಯ್ತಿಯ ಒಂದು ಕಾಗದ. ಇಷ್ಟು ಸಾಕಾ ವಕೀಲರೇ?

ಮೆಯೋಹಾಲ್ ಮೆಟ್ಟಿಲು:

ಆಧಾರ್ ಪೌರತ್ವದ ದಾಖಲೆ ಅಲ್ಲ. ಅದನ್ನೇ ನಂಬಿ ಕೂರಬೇಡಿ. ಜನನ ಪತ್ರ, ಶಾಲೆಯ ಕಾಗದ, ಅಪ್ಪನ ಹೆಸರಿನ ಜಮೀನು ಪತ್ರ, ಹಳೆಯ ಮತದಾರರ ಪಟ್ಟಿ, ಇವು ತೂಕ ಇರುವ ಕಾಗದಗಳು. ಪಶ್ಚಿಮ ಬಂಗಾಳದ ಮತದಾರರ ಪಟ್ಟಿ ಪರಿಷ್ಕರಣೆಗೆ 2002ರ ಪಟ್ಟಿಯನ್ನೇ ಆಧಾರ ಮಾಡಿಕೊಂಡಿದ್ದಾರೆ, ಅದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಆಕೆಯ ಅಪ್ಪನ ಹೆಸರಿರುವ ಪುಟ ಹುಡುಕಿ ಪ್ರಿಂಟ್ ತೆಗೆಯಿರಿ. ಪಟ್ಟಿ ಬಂಗಾಳಿಯಲ್ಲಿ ಇರುತ್ತದೆ, ಓದಲು ಆಕೆಯೇ ಜೊತೆಗೆ ಕೂರಲಿ. ಮೂಲ ಪ್ರತಿ ಅಕ್ಕಿ ಡಬ್ಬದಲ್ಲೇ ಇರಲಿ, ಪರವಾಗಿಲ್ಲ. ಸ್ಕ್ಯಾನ್ ನಿಮ್ಮ ಹತ್ತಿರ, ಇನ್ನೊಂದು ಊರಲ್ಲಿ ಅಣ್ಣನ ಹತ್ತಿರ. ಪಶ್ಚಿಮ ಬಂಗಾಳದಲ್ಲಿ ವಲಸೆ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ, ತೊಂದರೆ ಆದರೆ ಅಲ್ಲಿಗೂ ತಿಳಿಸಿ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಕಾಗದ ಕಡಿಮೆ ಇದೆ ಅಂತ ಏಜೆಂಟ್ ಹತ್ತಿರ ‘ಮಾಡಿಸಿಕೊಡಲು’ ಹೋಗಬೇಡಿ. ಒಂದು ನಕಲಿ ಕಾಗದ ಸಿಕ್ಕರೆ ನಿಜವಾದ ಹತ್ತು ಕಾಗದವೂ ನಕಲಿ ಅನ್ನಿಸಿಕೊಳ್ಳುತ್ತವೆ. ಠಾಣೆಗೆ ಹೋದಾಗ ದನಿ ಏರಿಸಬೇಡಿ, ಕೈ ಅಡ್ಡ ಹಾಕಬೇಡಿ, ಕರ್ತವ್ಯಕ್ಕೆ ಅಡ್ಡಿ ಅಂತ ನಿಮ್ಮ ಮೇಲೇ ಕೇಸ್ ಆಗುತ್ತದೆ. ಕನ್ನಡದಲ್ಲಿ, ಮರ್ಯಾದೆಯಾಗಿ, ‘ಸರ್, ಇವರು ಬಂಧನದಲ್ಲಿ ಇದ್ದಾರಾ, ಸಾಕ್ಷಿಯಾಗಿ ಕರೆಸಿದ್ದಾ?’ ಅಂತ ಒಂದೇ ಪ್ರಶ್ನೆ ಕೇಳಿ. ಎಷ್ಟೋ ಸಲ ಆ ಪ್ರಶ್ನೆಗೇ ಸಂಜೆಯೊಳಗೆ ಮನೆಗೆ ಕಳಿಸಿದ್ದನ್ನು ನೋಡಿದ್ದೇನೆ.

ಕೆರೆ ಏರಿ:

ಆಕೆ ಸೋಮವಾರದಿಂದ ಬರುತ್ತೇನೆ ಅಂದಿದ್ದಾರೆ. ಪಕ್ಕದ ಶೆಡ್‌ನ ಎರಡು ಸಂಸಾರ ಆಗಲೇ ಗಂಟು ಕಟ್ಟಿಕೊಂಡು ಹೋಗಿಬಿಟ್ಟಿವೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಅಸೋಸಿಯೇಷನ್ ಸಭೆ ಭಾನುವಾರ ಇದೆ. ಟವರ್ ಬಿ ಅವರೇ, ನಿಮ್ಮ ನಿರ್ಣಯದ ಪ್ರತಿ ಕಳಿಸಿ.

ಬ್ಯಾಂಕ್_ಕಾಲೊನಿ_ಶಿವಣ್ಣ:

ಗಡಿ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದು ಗೊತ್ತಿರಲಿ. ಒಂದು ಪ್ರಶ್ನೆ ಇದೆ ವಕೀಲರಿಗೆ. ನಮ್ಮ ಬಿಲ್ಡಿಂಗ್ ವಾಚ್‌ಮನ್ ನೇಪಾಳದವನು, ಹೆಂಡತಿ ಮಕ್ಕಳೂ ಇಲ್ಲೇ. ನಿನ್ನೆ ಯಾರೋ ಅವನಿಗೂ ‘ನಿನ್ನ ವೀಸಾ ಎಲ್ಲಿ’ ಅಂತ ಹೆದರಿಸಿದ್ದಾರೆ. ಒಳ್ಳೆ ಮನುಷ್ಯ. ಅವನಿಗೇನಾದರೂ ಮಾಡಿಸಬೇಕಾ?

ಮೆಯೋಹಾಲ್ ಮೆಟ್ಟಿಲು:

ವೀಸಾ ಬೇಡ ಸರ್. 1950ರ ಭಾರತ-ನೇಪಾಳ ಒಪ್ಪಂದದ ಪ್ರಕಾರ ಅವರು ಇಲ್ಲಿ ಇರಬಹುದು, ದುಡಿಯಬಹುದು. ನೇಪಾಳದ ಪೌರತ್ವ ಪ್ರಮಾಣಪತ್ರ ಜೊತೆಯಲ್ಲಿ ಇಟ್ಟುಕೊಳ್ಳಲಿ. ನಿಮ್ಮ ಲೆಟರ್‌ಹೆಡ್‌ನಲ್ಲಿ ‘ಇಂಥ ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿದ್ದಾರೆ’ ಅಂತ ಒಂದು ಪತ್ರ ಬರೆದು, ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ ಕೊಡಿ. ಹೆಂಡತಿ ಹತ್ತಿರ ಬೇರೆ ಪ್ರತಿ ಇರಲಿ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ ಅಂತಲೂ ವಿಚಾರಿಸಿ, ಟೀಚರ್ ಇಲ್ಲೇ ಇದ್ದಾರೆ.